ಮೇಲಣ್ಣ ಕೆಳಗಿಳಿದದ್ದು

ಹೆತ್ತವರು ಅವನಿಗೆ ಇಟ್ಟ ಹೆಸರು ಬೇರೆ ಇತ್ತು. ಆದರೆ ಕೆಲಸದ ಜಾಗದಲ್ಲಿ ಆ ಹೆಸರು ಹಿಡಿದು ವಿಚಾರಿಸಿದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಲ್ಲಿ ಎಲ್ಲರಿಗೂ ಅವನು ಮೇಲಣ್ಣ. ಎತ್ತರದ ಹಳದಿ ಕ್ರೇನಿನ ನೆತ್ತಿಯಲ್ಲಿ, ಗಾಜಿನ ಗೂಡಿನಂಥ ಕ್ಯಾಬಿನ್ನಿನಲ್ಲಿ ಕೂತು, ಕೆಳಗಿನ ಕಬ್ಬಿಣ, ಹಲಗೆ, ಕಾಂಕ್ರೀಟಿನ ಬಕೆಟ್ಟುಗಳನ್ನು ಎತ್ತಿ ಕಟ್ಟಡದ ಮೇಲೆ ಇಡುವುದು ಅವನ ಕೆಲಸ. ಮದುವೆಗೆ ಮುಂಚೆ ಹಿಡಿದ ಕೆಲಸ, ಮಗಳು ಅವನ ಎತ್ತರಕ್ಕೆ ಬೆಳೆದರೂ ಬಿಟ್ಟಿರಲಿಲ್ಲ. ಒಂದು ಕಟ್ಟಡ ಮುಗಿದರೆ ಕ್ರೇನು ಬಿಚ್ಚಿ ಇನ್ನೊಂದು ಕಡೆ ನಿಲ್ಲಿಸುತ್ತಿದ್ದರು, ಅವನೂ ಅದರ ಹಿಂದೆ ಹೋಗುತ್ತಿದ್ದ. ಅವನು ಕಬ್ಬಿಣ ಎತ್ತಿಕೊಟ್ಟು ಕಟ್ಟಿಸಿದ ಎಷ್ಟೋ ಮನೆಗಳಲ್ಲಿ ಈಗ ಜನ ಬಟ್ಟೆ ಒಣಹಾಕುತ್ತಿದ್ದರು, ಜಗಳ ಆಡುತ್ತಿದ್ದರು, ಮಕ್ಕಳನ್ನು ಹೆತ್ತಿದ್ದರು. ಅವನು ಮಾತ್ರ ಆ ಮನೆಗಳನ್ನು ಒಳಗಿನಿಂದ ಒಂದನ್ನೂ ನೋಡಿರಲಿಲ್ಲ.

ಕೆಳಗೆ ನಿಂತು ಅವನಿಗೆ ಕಣ್ಣಾಗಿದ್ದವನು ಸಿಳ್ಳೆ. ವಾಕಿಟಾಕಿ ಬರುವ ಮೊದಲು ಬಾಯಲ್ಲಿ ಬೆರಳಿಟ್ಟು ಸಿಳ್ಳೆ ಹೊಡೆದೇ ಸನ್ನೆ ಕೊಡುತ್ತಿದ್ದನಾದ್ದರಿಂದ ಆ ಹೆಸರು ಅಂಟಿಕೊಂಡಿತ್ತು. ಕೊಕ್ಕೆಗೆ ಹೊರೆ ಕಟ್ಟಿಸುವುದು, ಎತ್ತು, ಇಳಿಸು, ಎಡಕ್ಕೆ ತಿರುಗಿಸು ಎಂದು ಹೇಳುವುದು ಅವನ ಪಾಲು. ಮೇಲಣ್ಣ ದಿನವಿಡೀ ಕೇಳುತ್ತಿದ್ದ ಮನುಷ್ಯನ ದನಿ ಎಂದರೆ ಅದೊಂದೇ. ಇಬ್ಬರ ನಡುವೆ ಹೊರೆ ಬಿಟ್ಟು ಬೇರೆ ಮಾತು ಬರುತ್ತಿದ್ದುದು ಅಪರೂಪ. ಆದರೂ ಸಿಳ್ಳೆಗೆ ಮನೆಯಲ್ಲಿ ಜಗಳವಾಗಿದ್ದರೆ "ಎತ್ತಣ್ಣ" ಅನ್ನುವ ಒಂದೇ ಮಾತಿನಲ್ಲಿ ಮೇಲಣ್ಣನಿಗೆ ಗೊತ್ತಾಗುತ್ತಿತ್ತು.

ಕೆಲಸ ನೋಡುವವರಿಗೆ ಸೊಗಸು. ಆಕಾಶದಲ್ಲಿ ಕೂತು ಎರಡು ಕೈಯಲ್ಲಿ ಎರಡು ಲಿವರ್ ಹಿಡಿದು ರಾಜನ ಹಾಗೆ ಇರುತ್ತೀಯಲ್ಲ ಎಂದು ನೆಂಟರು ಹೇಳುತ್ತಿದ್ದರು. ಕೂತವನಿಗೆ ಗೊತ್ತಿತ್ತು ಅದರ ಸೊಗಸು. ಬೆಳಿಗ್ಗೆ ಏಣಿ ಹತ್ತಿದರೆ ಮತ್ತೆ ಇಳಿಯುವುದು ಸಂಜೆಗೆ. ನಡುವೆ ಇಳಿದರೆ ಇಡೀ ಕೆಲಸ ನಿಲ್ಲುತ್ತದೆ, ಕೆಳಗಿನವರೆಲ್ಲ ಕೈಕಟ್ಟಿ ಮೇಲೆ ನೋಡುತ್ತಾ ನಿಲ್ಲುತ್ತಾರೆ, ಮ್ಯಾನೇಜರು ಗಡಿಯಾರ ನೋಡುತ್ತಾನೆ. ಅದಕ್ಕೇ ಮೇಲಣ್ಣ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದ. ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿಕೊಳ್ಳುವಷ್ಟು, ಅಷ್ಟೇ. ಮೊಣಕಾಲು ಮಡಚಿದ್ದು ಮಡಚಿದ ಹಾಗೇ ಇರುತ್ತಿತ್ತು. ಸಂಜೆ ಏಣಿಯ ಕೊನೆಯ ಮೆಟ್ಟಿಲಿಂದ ನೆಲಕ್ಕೆ ಕಾಲಿಟ್ಟಾಗ ಕಾಲು ಬೇರೆಯವರದ್ದು ಅನಿಸುತ್ತಿತ್ತು.

ಹೆಂಡತಿ ಒಂದು ದೊಡ್ಡ ಲಾಂಡ್ರಿಯಲ್ಲಿ ಇಸ್ತ್ರಿ ವಿಭಾಗದಲ್ಲಿದ್ದಳು. ಹೋಟೆಲುಗಳ ಹಾಸಿಗೆ ಹೊದಿಕೆ, ಆಸ್ಪತ್ರೆಗಳ ಗೌನು, ಎಲ್ಲಾ ಅವಳ ಕೈ ಕೆಳಗೆ ಹಾದುಹೋಗುತ್ತಿತ್ತು. ಅವನದು ಇಡೀ ದಿನ ಕೂರುವ ಕೆಲಸವಾದರೆ ಅವಳದು ಇಡೀ ದಿನ ನಿಲ್ಲುವ ಕೆಲಸ. "ಇಬ್ಬರ ಕೆಲಸಾನೂ ಕಲಸಿ ಅರ್ಧರ್ಧ ಹಂಚಿಕೊಂಡಿದ್ರೆ ಇಬ್ಬರೂ ಮನುಷ್ಯರ ಹಾಗೆ ಇರ್ತಿದ್ವಿ" ಎಂದು ಅವಳು ಹೇಳುತ್ತಿದ್ದಳು. ಸಂಜೆ ಇಬ್ಬರೂ ಮನೆಗೆ ಬಂದು ಅಡುಗೆಮನೆಯ ಮೇಜಿನ ಎರಡು ಕಡೆ ಕೂತರೆ ಸ್ವಲ್ಪ ಹೊತ್ತು ಯಾರೂ ಮಾತಾಡುತ್ತಿರಲಿಲ್ಲ. ಮಗಳು ಕೂದಲು ಕತ್ತರಿಸುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದಳು. ಅವಳು ಬಂದು ದೀಪ ಹಾಕಿ, "ಏನು, ಕತ್ತಲಲ್ಲೇ ಕೂತುಬಿಟ್ಟಿದ್ದೀರಲ್ಲ" ಅಂದಾಗಲೇ ಇವರಿಗೆ ಕತ್ತಲಾದದ್ದು ತಿಳಿಯುತ್ತಿತ್ತು.

ಆ ವರ್ಷದ ಚಳಿ ಶುರುವಾಗುವ ಹೊತ್ತಿಗೆ ಅವನ ಬಲಗಾಲಿನ ಮೀನಖಂಡ ನೋಯತೊಡಗಿತು. ಸ್ನಾಯು ಹಿಡಿದುಕೊಂಡಿದೆ ಅಂದುಕೊಂಡ. ಸ್ವಲ್ಪ ಊದಿತ್ತು ಕೂಡ, ಸಂಜೆ ಬೂಟು ಬಿಚ್ಚುವಾಗ ಬಿಗಿ ಅನಿಸುತ್ತಿತ್ತು. ಇಷ್ಟು ವರ್ಷ ಏಣಿ ಹತ್ತಿ ಇಳಿದವನ ಕಾಲು ನೋಯದೆ ಇನ್ಯಾರ ಕಾಲು ನೋಯಬೇಕು ಎಂದು ಸುಮ್ಮನಾದ. ಹೆಂಡತಿ ಒಂದು ಸಂಜೆ ಅವನ ಕಾಲನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಎಣ್ಣೆ ಹಾಕಿ ಚೆನ್ನಾಗಿ ತಿಕ್ಕಿದಳು. ಇಸ್ತ್ರಿ ಒತ್ತಿ ಒತ್ತಿ ಗಟ್ಟಿಯಾದ ಕೈ ಅವಳದು. ಅವನು ಹಲ್ಲು ಕಚ್ಚಿಕೊಂಡು, "ಹೊದಿಕೆ ಅಂದ್ಕೊಂಡಿದ್ದೀಯಾ ಹೇಗೆ" ಅಂದ. ಅವಳು ನಕ್ಕಳು. ಅವನಿಗೆ ಹಾಯೆನಿಸಿತು.

ಮಾರನೆಯ ದಿನ ನೆಗಡಿ ಕೆಮ್ಮಿನ ಜೊತೆಯಲ್ಲೇ ಏಣಿ ಹತ್ತಿದ. ಬೆಳಗಿನ ಕೆಲಸ ಎಂದಿನ ಹಾಗೆ ಸಾಗಿತು. ಬಿಸಿಲು ಗಾಜಿನ ಮೇಲೆ ಬೀಳುವ ಹೊತ್ತಿಗೆ, ಕಬ್ಬಿಣದ ಸರಳುಗಳ ಒಂದು ಕಟ್ಟು ಎತ್ತಿ ತಿರುಗಿಸುತ್ತಿದ್ದಾಗ ಒಂದು ಕೆಮ್ಮು ಬಂತು. ಹೊಟ್ಟೆಯ ಆಳದಿಂದ ಬಂದ ಕೆಮ್ಮು. ಕೆಮ್ಮಿ ಕೆಮ್ಮಿ ಕಣ್ಣಲ್ಲಿ ನೀರು ಬಂತು. ಕೆಮ್ಮು ನಿಂತ ಮೇಲೆ ಉಸಿರೆಳೆದುಕೊಂಡು ನೋಡಿದರೆ ಕ್ರೇನು ತಿರುಗುವುದನ್ನು ನಿಲ್ಲಿಸಿತ್ತು. ಹೊರೆ ಗಾಳಿಯಲ್ಲಿ ತೂಗುತ್ತಿತ್ತು.

ಲಿವರ್ ಕೆಟ್ಟಿದೆ ಎಂದುಕೊಂಡ. ಎಡಗಡೆಯ ಲಿವರ್ ತಿರುಗಿಸುವ ಲಿವರ್. ಅದನ್ನು ದೂಡಿದೆ ಅಂತಲೇ ಅವನ ಮನಸ್ಸು ಹೇಳುತ್ತಿತ್ತು. ಆದರೆ ಏನೂ ಅಲುಗಲಿಲ್ಲ. ಬಗ್ಗಿ ನೋಡಿದ. ಅವನ ಎಡಗೈ ತೊಡೆಯ ಮೇಲೆ ಅಂಗಾತ ಬಿದ್ದಿತ್ತು. ಯಾರೋ ಮರೆತುಹೋದ ಕೈಚೀಲದ ಹಾಗೆ. ಅದು ತನ್ನದೇ ಕೈ ಎಂದು ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಮೇಲೂ ಹೆದರಿಕೆ ಬರಲಿಲ್ಲ. ಅದೇ ವಿಚಿತ್ರ ಎಂದು ಅವನು ಆಮೇಲೆ ಹೇಳುತ್ತಿದ್ದ. ಸುಸ್ತು, ಬರೀ ಸುಸ್ತು.

"ಏನಣ್ಣ, ನಿಂತೋಯ್ತಲ್ಲ" ಎಂದು ವಾಕಿಟಾಕಿಯಲ್ಲಿ ಸಿಳ್ಳೆಯ ದನಿ ಬಂತು.

ಮೇಲಣ್ಣ ಬಲಗೈಯಲ್ಲಿ ಗುಂಡಿ ಒತ್ತಿ ಉತ್ತರ ಕೊಟ್ಟ. ಲಿವರ್ ಕೆಟ್ಟಿದೆ ಅಂತ ಹೇಳಿದೆ ಎಂದು ಅವನ ಲೆಕ್ಕ. ಕೆಳಗೆ ಕೇಳಿಸಿದ್ದು ಬೇರೆ. ಬಾಯಿ ತುಂಬ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ, ಒಂದಕ್ಕೊಂದು ಅಂಟಿಕೊಂಡ ಮಾತು.

ಪಕ್ಕದಲ್ಲೇ ಇದ್ದ ಮ್ಯಾನೇಜರು ಮುಖ ಸಿಂಡರಿಸಿದ. "ಕುಡಿದಿದ್ದಾನಾ ಅವನು?"

"ಇಲ್ಲ ಸಾರ್."

"ಮತ್ತೆ ಆ ಮಾತೇನು? ನಾಲಿಗೆ ಹೊರಳ್ತಾ ಇಲ್ಲ. ಕೆಳಗಿಳಿಸಿ, ಇವತ್ತೇ ಮನೆಗೆ ಕಳಿಸ್ತೀನಿ."

"ಸಾರ್, ಅವರು ನೀರೇ ಕುಡಿಯಲ್ಲ, ಇನ್ನು ಅದೆಲ್ಲಿ ಕುಡೀತಾರೆ" ಎಂದ ಸಿಳ್ಳೆ. ಆಮೇಲೆ ವಾಕಿಟಾಕಿ ಬಾಯಿಗೆ ಹತ್ತಿರ ತಂದು ಬಿಡಿಬಿಡಿಯಾಗಿ ಹೇಳಿದ: "ಅಣ್ಣ, ನನ್ನ ಮಾತು ಕೇಳು. ಯಾವುದನ್ನೂ ಮುಟ್ಟಬೇಡ. ಬಲಗೈ ತೆಗೆದು ತೊಡೆ ಮೇಲಿಟ್ಕೋ. ಏಳಬೇಡ. ಬರ್ತಾರೆ."

ಲಿವರಿನಿಂದ ಕೈ ತೆಗೆದರೆ ಕ್ರೇನು ತಾನಾಗಿ ನಿಲ್ಲುತ್ತದೆ, ಹೊರೆ ಎಲ್ಲಿದೆಯೋ ಅಲ್ಲೇ ಇರುತ್ತದೆ. ಸಿಳ್ಳೆ ಕೆಳಗಿದ್ದ ಜನರನ್ನೆಲ್ಲ ಹೊರೆಯ ಕೆಳಗಿನಿಂದ ಓಡಿಸಿದ. ಪಕ್ಕದ ಕ್ರೇನಿನವನು ಇಳಿದು ಬಂದು ಈ ಏಣಿ ಹತ್ತಿದ. ಅಗ್ನಿಶಾಮಕದವರು ಹಗ್ಗ, ಸ್ಟ್ರೆಚರ್ ಹೊತ್ತು ಅವನ ಹಿಂದೆ ಹತ್ತಿದರು. ಬಂದವನು ಸರಳಿನ ಕಟ್ಟನ್ನು ಇಳಿಸಿ ಮುಗಿಸುವವರೆಗೂ ಅವರು ಸರಿಸಿ ಕೂರಿಸಿದ ಮೇಲಣ್ಣ ಕ್ಯಾಬಿನ್ನಿನ ಗೋಡೆಗೆ ಒರಗಿ ನೋಡುತ್ತಿದ್ದ. ಸ್ವಲ್ಪ ಜೋರಾಗಿ ಇಳಿಸಿದನಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡನಂತೆ.

ಆಮೇಲೆ ಅವನನ್ನು ಸ್ಟ್ರೆಚರಿಗೆ ಬಿಗಿದು ಹಗ್ಗದಲ್ಲಿ ಇಳಿಸಿದರು. ಅಷ್ಟು ವರ್ಷ ಹೊರೆ ಇಳಿಸಿದವನು ಈಗ ತಾನೇ ಹೊರೆಯಾಗಿ, ಮುಖ ಆಕಾಶಕ್ಕೆ ಮಾಡಿಕೊಂಡು ನಿಧಾನವಾಗಿ ಇಳಿದ. ಅಗ್ನಿಶಾಮಕದವರ ಕೆಲಸ ಅವರು ಮಾಡುತ್ತಿದ್ದರು, ಅವರಿಗೆ ಯಾರ ಸನ್ನೆಯೂ ಬೇಕಿರಲಿಲ್ಲ. ಆದರೂ ಕೆಳಗೆ ಸಿಳ್ಳೆ ಕೈ ಚಾಚಿ, ಅಂಗೈ ಕೆಳಗೆ ಮಾಡಿ, ನಿಧಾನ, ನಿಧಾನ ಎಂದು ಸನ್ನೆ ಕೊಡುತ್ತಲೇ ಇದ್ದ. ಸ್ಟ್ರೆಚರ್ ನೆಲ ಮುಟ್ಟಿದಾಗ ಮ್ಯಾನೇಜರು ಬಗ್ಗಿ ಮೊದಲು ಮೂಸಿ ನೋಡಿದ. ಏನೂ ವಾಸನೆ ಇರಲಿಲ್ಲ. ಮುಖದ ಒಂದು ಕಡೆ ಜೋತುಬಿದ್ದಿದ್ದು ಆಗಲೇ ಅವನಿಗೆ ಕಂಡದ್ದು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ಆಂಬುಲೆನ್ಸ್ ಹೋಗುವವರೆಗೂ ಹಾಗೇ ನಿಂತಿದ್ದ.

ಆಸ್ಪತ್ರೆಯಲ್ಲಿ ಎಲ್ಲ ಬೇಗ ಬೇಗ ಆಯಿತು. ತಲೆಯ ಸ್ಕ್ಯಾನ್ ಮಾಡಿದರು. ಮೆದುಳಿನ ಬಲಭಾಗಕ್ಕೆ ಹೋಗುವ ಒಂದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಸಿಕ್ಕಿಕೊಂಡಿದೆ, ಅದಕ್ಕೇ ದೇಹದ ಎಡಭಾಗ ಸೋತಿದೆ ಎಂದರು. ಯಾವಾಗ ಶುರುವಾಯಿತು ಎಂದು ಕೇಳಿದರು. ಅದು ಆಂಬುಲೆನ್ಸಿನಲ್ಲಿ ಜೊತೆಗೆ ಬಂದಿದ್ದ ಸಿಳ್ಳೆಗೆ ಖಚಿತವಾಗಿ ಗೊತ್ತಿತ್ತು, ಹೇಳಿದ. ಇನ್ನೂ ಹೊತ್ತು ಮೀರಿಲ್ಲ ಎಂದು ಹೆಪ್ಪು ಕರಗಿಸುವ ಔಷಧಿಯನ್ನು ನಾಳಕ್ಕೆ ಹಾಕಿದರು. ಹೆಂಡತಿ ಲಾಂಡ್ರಿಯ ಏಪ್ರನ್ನಿನಲ್ಲೇ ಓಡಿಬಂದಾಗ ಅವನು ಹಾಸಿಗೆಯ ಮೇಲಿದ್ದ, ಸೊಟ್ಟ ಬಾಯಲ್ಲಿ ನಗಲು ನೋಡಿದ. ಅವಳು ಅವನ ಎಡಗೈಯನ್ನು ತೆಗೆದು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು. ಅವಳು ಹಿಡಿದದ್ದು ಅವನಿಗೆ ತಿಳಿಯಲಿಲ್ಲ.

ಸಂಜೆಯ ಹೊತ್ತಿಗೆ ಭುಜ ಅಲುಗಿತು. ಮುಂದಿನ ದಿನಗಳಲ್ಲಿ ಮಾತು ತಿಳಿಯಾಯಿತು, ಕಾಲು ಹೆಜ್ಜೆ ಹಾಕಿತು, ಬೆರಳುಗಳು ಮಾತ್ರ ಹಿಂದೆ ಉಳಿದವು. ಪುಣ್ಯವಂತ ಎಂದರು ಎಲ್ಲರೂ. ಮಗಳು ಅಂಗಡಿಯಿಂದ ಕತ್ತಿ, ನೊರೆ, ಬ್ರಷ್ ತಂದು ಹಾಸಿಗೆಯಲ್ಲೇ ಅವನ ಗಡ್ಡ ಬೋಳಿಸಿದಳು. "ಎಡಗಡೆ ಇನ್ನೂ ಜೋತಾಡ್ತಿದೆ ಅಪ್ಪ, ನಂಗೆ ಕಷ್ಟ ಕೊಡ್ತಿದ್ದೀಯ" ಎಂದು ಗದರಿದಳು. ಕೆಲಸ ಮುಗಿದ ಮೇಲೆ ಹೊರಗೆ ಹೋಗಿ ಅತ್ತು ಬಂದಳು. ಅತ್ತು ಬಂದಿದ್ದಾಳೆ ಅಂತ ಅವನಿಗೆ ಗೊತ್ತಾಯಿತು, ಕೇಳಲಿಲ್ಲ.

ಈಗ ಉಳಿದ ಪ್ರಶ್ನೆ ಒಂದೇ: ಯಾಕೆ ಹೀಗಾಯಿತು? ಬಿಪಿ ಇಲ್ಲ, ಸಕ್ಕರೆ ಇಲ್ಲ, ಬೀಡಿ ಸಿಗರೇಟು ಇಲ್ಲ. ಕುತ್ತಿಗೆಯ ನಾಳಗಳನ್ನು ನೋಡಿದರು, ಶುದ್ಧವಾಗಿದ್ದವು. ಎದೆಗೆ ತಂತಿ ಅಂಟಿಸಿ ಬಡಿತ ಬರೆಸಿದರು, ಹದವಾಗಿತ್ತು. ಬೆಳಿಗ್ಗೆ ಬರುವ ಡಾಕ್ಟರು ಒಂದು ಹೇಳಿದರೆ ಸಂಜೆಯವರು ಇನ್ನೊಂದು ಹೇಳುತ್ತಿದ್ದರು. ಕೊನೆಗೆ ಕೆಲವರಲ್ಲಿ ಕಾರಣ ಸಿಗುವುದೇ ಇಲ್ಲ ಅನ್ನುವಲ್ಲಿಗೆ ಬಂದು ನಿಂತರು. ಪರೀಕ್ಷೆಗಳಿಗೆ ಹೋಗಿ ಬಂದು ಮೇಲಣ್ಣನಿಗೆ ಸಾಕುಸಾಕಾಗಿತ್ತು. ತಳ್ಳುಗಾಡಿಯ ಮೇಲೆ ಮಲಗಿ ಕಾರಿಡಾರಿನ ದೀಪಗಳನ್ನು ನೋಡುತ್ತಾ, ಕಾರಣ ಸಿಕ್ಕಿ ಏನಾಗಬೇಕು, ಒಂದು ನಿದ್ದೆ ಸಿಕ್ಕರೆ ಸಾಕು ಅನಿಸುತ್ತಿತ್ತು.

ಆಗ ಹೃದಯದ ವಿಭಾಗದಿಂದ ಒಬ್ಬ ಡಾಕ್ಟರಮ್ಮ ಬಂದರು. ಕಣ್ಣ ಕೆಳಗೆ ಕಪ್ಪು, ಕೂದಲನ್ನು ಪೆನ್ನಿಂದ ಸಿಕ್ಕಿಸಿ ಕಟ್ಟಿಕೊಂಡಿದ್ದರು. ನಿಂತೇ ಮಾತಾಡುವ ಉಳಿದವರ ಹಾಗಲ್ಲದೆ ಕುರ್ಚಿ ಎಳೆದುಕೊಂಡು ಉಸ್ಸೆಂದು ಕೂತರು.

"ಆವತ್ತು ಏನು ಮಾಡ್ತಿದ್ರಿ, ಆಗೋ ಮುಂಚೆ?"

"ಕೆಮ್ಮಿದೆ ಮೇಡಂ. ತುಂಬಾ ಕೆಮ್ಮಿದೆ."

"ದಿನಾ ಎಷ್ಟೊತ್ತು ಕೂತಿರ್ತೀರಿ?"

"ಹತ್ತಿದ್ರೆ ಇಳಿಯೋವರೆಗೂ."

ಡಾಕ್ಟರಮ್ಮ ಹೊದಿಕೆ ಸರಿಸಿ ಎರಡು ಕಾಲನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಬಲಗಾಲಿನ ಮೀನಖಂಡ ಮೆಲ್ಲಗೆ ಅದುಮಿದರು. ಅವನು ಉಸಿರು ಬಿಗಿಹಿಡಿದ. "ಇದು ಎಷ್ಟು ದಿನದಿಂದ?" ಎಂದರು. ಸೋತದ್ದು ಎಡಗಾಲಾದ್ದರಿಂದ ಅಲ್ಲಿಯವರೆಗೆ ಎಲ್ಲರೂ ಅದನ್ನೇ ನೋಡಿದ್ದರು, ಬಲಗಾಲಿನ ಗೊಡವೆಗೆ ಯಾರೂ ಹೋಗಿರಲಿಲ್ಲ. ಅವನೂ ಬಾಯಿ ಬಿಟ್ಟಿರಲಿಲ್ಲ, ಇಷ್ಟೆಲ್ಲ ಆಗಿರುವಾಗ ಕಾಲುನೋವಿನ ರಗಳೆ ಯಾಕೆ ಎಂದು.

ಅದೇ ದಿನ ಕಾಲಿನ ಸ್ಕ್ಯಾನ್ ಆಯಿತು. ಆಳದ ನಾಳದಲ್ಲಿ ಉದ್ದಕ್ಕೂ ಹೆಪ್ಪು ಕೂತಿತ್ತು.

"ಕಾಲಿನಲ್ಲಿ ಹೆಪ್ಪುಗಟ್ಟಿದ್ದು ಮಾಮೂಲಾಗಿ ಮೆದುಳಿಗೆ ಹೋಗಕ್ಕಾಗಲ್ಲ" ಎಂದು ಡಾಕ್ಟರಮ್ಮ ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದರು. "ಕಾಲಿಂದ ಬಂದ ರಕ್ತ ಹೃದಯದ ಬಲಗಡೆಗೆ ಬರುತ್ತೆ. ಅಲ್ಲಿಂದ ಶ್ವಾಸಕೋಶಕ್ಕೆ ಹೋಗುತ್ತೆ. ಹೆಪ್ಪೇನಾದ್ರೂ ಇದ್ರೆ ಅಲ್ಲೇ ಸಿಕ್ಕಿಕೊಳ್ಳುತ್ತೆ, ಜರಡಿಯಲ್ಲಿ ಸಿಕ್ಕ ಹಾಗೆ. ಅದೂ ಅಪಾಯವೇ, ಆದ್ರೆ ಬೇರೆ ಅಪಾಯ. ಎಡಗಡೆಗೆ ದಾಟಿದ್ರೆ ಮಾತ್ರ ಮೆದುಳಿಗೆ ದಾರಿ. ನಿಮ್ಮದು ದಾಟಿದೆ. ಎಲ್ಲಿ ದಾಟ್ತು ಅಂತ ನೋಡಬೇಕು."

ಹೆಂಡತಿಯ ಮುಖ ಬಿಳಿಚಿಕೊಂಡಿತ್ತು. "ಮೇಡಂ" ಎಂದಳು. "ಹಿಂದಿನ ದಿನ ನಾನು ಆ ಕಾಲು ತಿಕ್ಕಿದ್ದೆ. ಜೋರಾಗಿ ತಿಕ್ಕಿದ್ದೆ."

ಡಾಕ್ಟರಮ್ಮ ಅವಳ ಕಡೆ ತಿರುಗಿದರು. ಸುಳ್ಳು ಹೇಳಿ ಸಮಾಧಾನ ಮಾಡುವ ಜಾತಿಯವರಲ್ಲ ಅವರು. "ಅದರಿಂದಲೇ ಆಯ್ತು ಅಂತ ಯಾರೂ ಹೇಳಕ್ಕಾಗಲ್ಲ, ಆಗಿಲ್ಲ ಅಂತಲೂ ಹೇಳಕ್ಕಾಗಲ್ಲ. ಊದಿದ ಕಾಲನ್ನ ತಿಕ್ಕಬಾರದು, ಅದು ನಿಜ. ನಿಮಗೆ ಗೊತ್ತಿರಲಿಲ್ಲ. ಏಣಿ ಹತ್ತಿದ್ದಕ್ಕೂ ಹೆಪ್ಪು ಕಿತ್ತು ಹೋಗಬಹುದಿತ್ತು, ಕೆಮ್ಮಿದ್ದಕ್ಕೂ ಹೋಗಬಹುದಿತ್ತು. ಅದನ್ನ ತಲೆಗೆ ಹಚ್ಚಿಕೊಂಡ್ರೆ ಮುಂದೆ ನೋಡಿಕೊಳ್ಳೋರು ಯಾರು?" ಎಂದರು. ಹೆಂಡತಿ ತಲೆಯಾಡಿಸಿದಳು. ಆದರೆ ಅಂದಿನಿಂದ ತುಂಬ ಕಾಲ ಅವಳು ಅವನ ಕಾಲು ಮುಟ್ಟಲಿಲ್ಲ. ಹೊದಿಕೆ ಹೊದಿಸುವಾಗಲೂ ಅಂಚು ಹಿಡಿದೇ ಎಳೆಯುತ್ತಿದ್ದಳು.

ದಾಟಿದ ದಾರಿ ಹುಡುಕುವ ಪರೀಕ್ಷೆ ಮಾರನೆಯ ದಿನ ನಡೆಯಿತು. ಕಿಟಕಿಗೆ ಪರದೆ ಎಳೆದ ಸಣ್ಣ ಕೋಣೆ. ಎದೆಗೆ ತಣ್ಣನೆಯ ಲೋಳೆ ಹಚ್ಚಿ ಎಕೋ ಯಂತ್ರದ ಮೂತಿ ಒತ್ತಿ ಹಿಡಿದರು. ನರ್ಸು ಎರಡು ಸಿರಿಂಜುಗಳ ನಡುವೆ ಉಪ್ಪುನೀರನ್ನು ಅತ್ತಿಂದಿತ್ತ ದೂಡಿ ದೂಡಿ ನೊರೆ ಎಬ್ಬಿಸಿದಳು. ಆ ಸಣ್ಣ ಗುಳ್ಳೆಗಳ ನೀರನ್ನು ಕೈಯ ನಾಳಕ್ಕೆ ಬಿಡುತ್ತಾರಂತೆ. ಗುಳ್ಳೆಗಳು ಹೃದಯದ ಬಲಗಡೆಗೆ ಬಂದು, ಶ್ವಾಸಕೋಶದಲ್ಲಿ ಒಡೆದು ಹೋಗಬೇಕು. ಎಡಗಡೆಗೆ ಒಂದೂ ಬರಕೂಡದು.

"ನಾನು ಹೇಳಿದಾಗ ಉಸಿರು ಹಿಡಿದು ತಿಣುಕಬೇಕು. ಬಿಡಿ ಅಂದಾಗ ಬಿಡಬೇಕು" ಎಂದರು ಡಾಕ್ಟರಮ್ಮ.

"ಹೇಗೆ ತಿಣುಕೋದು ಮೇಡಂ?"

"ಹೊಟ್ಟೆ ಕಟ್ಟಿದಾಗ ಹೇಗೆ ತಿಣುಕ್ತೀರೋ ಹಾಗೆ."

"ಇಷ್ಟು ಜನರ ಮುಂದೆ ಯಾವತ್ತೂ ತಿಣುಕಿಲ್ಲ" ಎಂದ ಅವನು. ನರ್ಸು ಮುಖ ತಿರುಗಿಸಿ ನಕ್ಕಳು. ಅವನು ಮುಖ ಕೆಂಪಾಗುವಷ್ಟು ತಿಣುಕಿದ.

"ಬಿಡಿ."

ಬಿಟ್ಟ. ಯಂತ್ರದ ಪರದೆಯ ಮೇಲೆ ಅವನ ಹೃದಯ ಕಪ್ಪು ಬೆಳುಪಾಗಿ ಬಡಿದುಕೊಳ್ಳುತ್ತಿತ್ತು. ಒಂದು ಕಡೆಯ ಕೋಣೆ ಇದ್ದಕ್ಕಿದ್ದಂತೆ ಬಿಳಿ ನೊರೆಯಿಂದ ತುಂಬಿತು. ಮರುಕ್ಷಣವೇ, ನಡುವಿನ ತೆಳು ಗೋಡೆಯ ಒಂದು ಜಾಗದಿಂದ ಬಿಳಿ ಚುಕ್ಕೆಗಳು ಇನ್ನೊಂದು ಕಡೆಗೆ ನುಸುಳಿದವು. ಮೊದಲು ಒಂದೆರಡು, ಆಮೇಲೆ ಒಂದು ಹಿಡಿ ಎರಚಿದ ಹಾಗೆ.

"ಕಂಡ್ವಾ?" ಎಂದರು ಡಾಕ್ಟರಮ್ಮ. ಅವರ ದನಿಯಲ್ಲಿ ಸಂತೋಷವೂ ಇರಲಿಲ್ಲ, ಗಾಬರಿಯೂ ಇರಲಿಲ್ಲ. ಹುಡುಕುತ್ತಿದ್ದುದು ಸಿಕ್ಕಿದಾಗಿನ ದಣಿವು ಮಾತ್ರ.

ಎಲ್ಲರಿಗೂ ಹುಟ್ಟುವ ಮೊದಲು ಅಲ್ಲೊಂದು ಬಾಗಿಲು ಇರುತ್ತದೆ ಎಂದು ಅವರು ವಿವರಿಸಿದರು. ತಾಯಿಯ ಹೊಟ್ಟೆಯಲ್ಲಿ ಮಗು ಉಸಿರಾಡುವುದಿಲ್ಲ, ರಕ್ತ ಆ ಬಾಗಿಲಿನಿಂದ ನೇರವಾಗಿ ದಾಟುತ್ತದೆ. ಹುಟ್ಟಿ ಮೊದಲ ಉಸಿರು ಎಳೆದ ಮೇಲೆ ಬಾಗಿಲು ಮುಚ್ಚಿಕೊಳ್ಳುತ್ತದೆ, ಕೆಲವು ತಿಂಗಳಲ್ಲಿ ಅಂಟಿಕೊಂಡು ಗೋಡೆಯೇ ಆಗುತ್ತದೆ. ನಾಲ್ಕು ಜನರಲ್ಲಿ ಒಬ್ಬರಿಗೆ ಸರಿಯಾಗಿ ಅಂಟುವುದಿಲ್ಲ. ಬಹಳಷ್ಟು ಜನ ಅದು ಗೊತ್ತೇ ಆಗದೆ ಬದುಕಿ ಮುಗಿಸುತ್ತಾರೆ. ಕೆಮ್ಮಿದಾಗ, ತಿಣುಕಿದಾಗ ಬಲಗಡೆಯ ಒತ್ತಡ ಏರಿ ಬಾಗಿಲು ಸ್ವಲ್ಪ ತೆರೆದುಕೊಳ್ಳುತ್ತದೆ. ಅದೇ ಹೊತ್ತಿಗೆ ಕಾಲಿನಿಂದ ಒಂದು ಹೆಪ್ಪು ಬಂದು ನಿಂತಿದ್ದರೆ ದಾಟುತ್ತದೆ.

ಹೆಂಡತಿ ಎಲ್ಲ ಕೇಳಿಸಿಕೊಂಡು, "ಇವರು ಮನೆ ಬಾಗಿಲೂ ಸರಿಯಾಗಿ ಹಾಕ್ಕೊಂಡು ಬರಲ್ಲ ಮೇಡಂ. ಹುಟ್ಟು ಗುಣ ಅಂತ ಈಗ ಗೊತ್ತಾಯ್ತು" ಎಂದಳು. ಆ ದಿನಗಳಲ್ಲಿ ಅವಳು ಆಡಿದ ಮೊದಲ ತಮಾಷೆ ಅದು. ಹೇಳುತ್ತಾ ಹೇಳುತ್ತಾ ಕಣ್ಣು ಒರೆಸಿಕೊಂಡಳು.

ರಕ್ತ ತೆಳುವಾಗಿಸುವ ಮಾತ್ರೆಯನ್ನು ಡಾಕ್ಟರು ಹೇಳಿದ ದಿನದಿಂದ ಶುರುಮಾಡಿದರು. ಕಾಲಿನ ಹೆಪ್ಪು ಕರಗುವವರೆಗೂ ಅದು ಬೇಕೇಬೇಕು. ಹಲ್ಲುಜ್ಜಿದರೆ ಒಸಡಿನಿಂದ ರಕ್ತ, ಮೇಜಿನ ಮೂಲೆ ತಾಗಿದರೆ ನೀಲಿ ಕಲೆ. ದಿನಾ ಕೈಯ ವ್ಯಾಯಾಮಕ್ಕೆ ಹೋಗಬೇಕು, ಅಲ್ಲಿ ಬಟ್ಟಲಿನಿಂದ ಬಟ್ಟಲಿಗೆ ಕಾಳು ಎತ್ತಿಹಾಕಬೇಕು. ಟನ್ನುಗಟ್ಟಲೆ ಕಬ್ಬಿಣ ಎತ್ತಿದವನಿಗೆ ಒಂದು ಕಾಳು ಎತ್ತುವುದರೊಳಗೆ ಬೆವರು ಕಿತ್ತುಕೊಂಡು ಬರುತ್ತಿತ್ತು. ಮನೆಗೆ ಬಂದರೆ ನಿದ್ದೆ. ಎದ್ದರೂ ಆಯಾಸ ಹೋಗುತ್ತಿರಲಿಲ್ಲ. ಕೂತಲ್ಲೇ ಮಂಪರು. ಇದು ಸೋಮಾರಿತನ ಅಲ್ಲ, ಮೆದುಳಿಗೆ ಪೆಟ್ಟಾದವರಿಗೆ ಹೀಗಾಗುತ್ತದೆ ಎಂದು ಡಾಕ್ಟರಮ್ಮ ಹೇಳಿದ್ದರು. ಅದು ಮನೆಗೆ ಬಂದುಹೋಗುವ ನೆಂಟರಿಗೆ ಹೇಗೆ ಗೊತ್ತಾಗಬೇಕು. "ಕೈಕಾಲು ಚೆನ್ನಾಗೇ ಇದೆಯಲ್ಲ" ಎನ್ನುತ್ತಿದ್ದರು.

ಕೆಲವು ತಿಂಗಳ ಮೇಲೆ ಕಾಲಿನ ನಾಳ ತೆರವಾಯಿತು. ಮುಂದಿನ ದಾರಿ ಎರಡು ಎಂದರು ಡಾಕ್ಟರಮ್ಮ. ಮಾತ್ರೆ ನುಂಗುತ್ತಲೇ ಇರುವುದು ಒಂದು. ಬಾಗಿಲು ಮುಚ್ಚಿಸಿಬಿಡುವುದು ಇನ್ನೊಂದು. ಎದೆ ಕೊಯ್ಯಬೇಕಿಲ್ಲ, ತೊಡೆಸಂದಿಯ ನಾಳದಿಂದ ಸಣ್ಣ ಕೊಳವೆ ಹಾಕಿ, ಮಡಚಿದ ಒಂದು ಜಾಲರಿಯನ್ನು ಹೃದಯದವರೆಗೆ ಕೊಂಡೊಯ್ದು, ಗೋಡೆಯ ಎರಡೂ ಕಡೆ ಅರಳಿಸಿ ಗುಂಡಿ ಹಾಕಿದ ಹಾಗೆ ಕೂರಿಸುವುದು. ಕಾಲಕ್ರಮೇಣ ಅದರ ಮೇಲೆ ಮಾಂಸ ಬೆಳೆಯುತ್ತದೆ. ನಿಮ್ಮ ವಯಸ್ಸಿಗೆ ಮುಚ್ಚಿಸುವುದು ಒಳ್ಳೆಯದು ಅಂತ ನನಗೆ ಅನಿಸುತ್ತದೆ, ಆದರೆ ಅದರಲ್ಲೂ ಸಣ್ಣಪುಟ್ಟ ಅಪಾಯ ಇದೆ, ಕೆಲವರಿಗೆ ಬಡಿತ ಏರುಪೇರಾಗುತ್ತದೆ ಎಂದು ಮುಚ್ಚುಮರೆ ಇಲ್ಲದೆ ಹೇಳಿದರು.

ಜೊತೆಗೆ ಬಂದಿದ್ದ ಸಿಳ್ಳೆ ಕೇಳಿದ: "ಮುಚ್ಚಿಸಿದ್ರೆ ಅಣ್ಣ ಮತ್ತೆ ಮೇಲೆ ಹತ್ತಬಹುದಾ ಮೇಡಂ?"

"ಅದು ನಾನು ಹೇಳೋ ಮಾತಲ್ಲ. ಕ್ರೇನಿನವರ ಆರೋಗ್ಯ ನೋಡೋ ಡಾಕ್ಟರು ಬೇರೆ ಇರ್ತಾರಲ್ಲ, ಅವರು ಹೇಳಬೇಕು. ಆದ್ರೆ ಆಸೆ ಇಟ್ಕೋಬೇಡಿ."

ಬಾಗಿಲು ಮುಚ್ಚಿಸುವ ದಿನ ಮೇಲಣ್ಣ ಅರೆನಿದ್ದೆಯಲ್ಲಿದ್ದ. ಎದೆಯಲ್ಲಿ ಒಂದೆರಡು ಸಲ ಮೀನು ಹೊರಳಿದ ಹಾಗಾಯಿತು, ಅಷ್ಟೇ. ಯಾರೋ ಮೆಲುದನಿಯಲ್ಲಿ "ಸ್ವಲ್ಪ ಎಳೀರಿ, ಸಾಕು, ಬಿಡಿ" ಎನ್ನುತ್ತಿದ್ದರು. ನಿದ್ದೆಗಣ್ಣಿನಲ್ಲಿ ಅವನ ಬಲಗೈ ಬೆರಳು ಲಿವರ್ ಹಿಡಿದ ಹಾಗೆ ಅಲುಗಿತಂತೆ. ಸಂಜೆಗೆಲ್ಲ ಎದ್ದು ಕೂತ. ಆರು ತಿಂಗಳ ಮೇಲೆ ಮತ್ತೆ ಗುಳ್ಳೆ ಬಿಟ್ಟು ನೋಡಿದಾಗ ಒಂದೂ ದಾಟಲಿಲ್ಲ.

ಕ್ರೇನಿನವರನ್ನು ನೋಡುವ ಡಾಕ್ಟರು ಅವನಿಂದ ಅಂಗಿಯ ಗುಂಡಿ ಹಾಕಿಸಿದರು, ಕಣ್ಣು ಮುಚ್ಚಿಸಿ ಕೈ ಚಾಚಿಸಿದರು. ಎಡಗೈ ತಾನಾಗಿ ಮೆಲ್ಲಗೆ ಕೆಳಗೆ ಜಾರಿತು. ಅವನಿಗೆ ಅದು ಗೊತ್ತಾಗಲಿಲ್ಲ. ಕಣ್ಣು ಬಿಟ್ಟು ನೋಡಿದಾಗ ಡಾಕ್ಟರು ಕನ್ನಡಕ ತೆಗೆದು ಒರೆಸುತ್ತಿದ್ದರು. "ಇನ್ನು ಮೇಲೆ ಹತ್ತೋದು ಬೇಡ" ಎಂದರು.

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಸಿಳ್ಳೆ, ಸುದ್ದಿ ಕೇಳಿ ಮೊಣಕೈಗೆ ಮುಖ ಒತ್ತಿಕೊಂಡು ಅತ್ತ. "ನಿನ್ನ ಬಿಟ್ಟು ಯಾರಿಗಣ್ಣ ನಾನು ಸನ್ನೆ ಕೊಡ್ಲಿ" ಎಂದ. ಮೇಲಣ್ಣ ಅವನ ಬೆನ್ನು ಸವರಿದ, ಹಣೆಬರಹ ಬಿಡು ಅಂದ, ಮುಖ ಇಳಿಬಿಟ್ಟುಕೊಂಡ. ಮುಂದಿನ ವಾರವೆಲ್ಲ ಜನ ಬಂದು ಹೋದರು. ಎಲ್ಲರೂ ಅಯ್ಯೋ ಎಂದವರೇ. ಮ್ಯಾನೇಜರೂ ಬಂದ, ಹಣ್ಣು ತಂದ, ಎಲ್ಲಿ ಕೂರಬೇಕು ಎಂದು ತಿಳಿಯದೆ ಬಾಗಿಲ ಹತ್ತಿರದ ಕುರ್ಚಿಯ ಅಂಚಿನಲ್ಲಿ ಕೂತು, ಗೋದಾಮಿನಲ್ಲಿ ಸರಪಳಿ, ಕೊಕ್ಕೆ, ತಂತಿಹಗ್ಗ ನೋಡಿಕೊಳ್ಳುವ ಕೆಲಸ ಇದೆ ಎಂದು ಹೇಳಿ ಹೋದ. ಮೇಲಣ್ಣ ಬಂದವರ ಮುಂದೆಲ್ಲ ತಲೆ ತಗ್ಗಿಸಿ ಕೂತ.

ಒಂದು ಮಧ್ಯಾಹ್ನ, ಕೈಯ ವ್ಯಾಯಾಮ ಮುಗಿಸಿ ಬರುವಾಗ, ಹೆಂಡತಿ ರಜೆ ಹಾಕಿ ಜೊತೆಗೆ ಬಂದಿದ್ದಳು. ಬಸ್ಸು ತಪ್ಪಿತು. ಇಬ್ಬರೂ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕೂತರು.

"ಒಂದು ಮಾತು ಹೇಳ್ತೀನಿ, ಯಾರಿಗೂ ಹೇಳಬೇಡ" ಎಂದ ಅವನು.

"ಹೇಳಿ."

"ಆ ಡಾಕ್ಟರು ಮೇಲೆ ಹತ್ತಬೇಡ ಅಂದಾಗ ನಂಗೆ ಬೇಜಾರೇ ಆಗ್ಲಿಲ್ಲ ಕಣೆ. ಅಲ್ಲೇ ಕುರ್ಚಿ ಮೇಲೆ ನಿದ್ದೆ ಮಾಡಿಬಿಡೋಣ ಅನ್ನಿಸ್ತು. ಎಷ್ಟೋ ವರ್ಷದಿಂದ ಸಾಕಾಗಿತ್ತು. ಪ್ರತಿ ದಿನ ಏಣಿ ಕೆಳಗೆ ನಿಂತು, ಇವತ್ತೊಂದು ದಿನ ಅಂತ ಹೇಳ್ಕೊಂಡೇ ಹತ್ತುತ್ತಿದ್ದೆ. ಸಿಳ್ಳೆ ಅಳ್ತಾ ಇದ್ದ. ನಾನು ಅಳೋ ಹಾಗೆ ನಟಿಸಿದೆ."

ಅವಳು ಚೀಲದ ಹಿಡಿ ನೇವರಿಸುತ್ತಾ ಕೂತಿದ್ದಳು. "ಗೊತ್ತು ನಂಗೆ" ಎಂದಳು. "ಇಷ್ಟು ವರ್ಷ ನಿಮ್ಮ ಬೆಳಗಿನ ಮುಖ ನೋಡಿದೋಳು ನಾನೇ ಅಲ್ವಾ."

"ಮತ್ತೆ ಒಂದು ದಿನವೂ ಕೇಳಲಿಲ್ಲ."

"ಕೇಳಿದ್ರೆ ನೀವು ಹೇಳಿಬಿಡ್ತಿದ್ರಿ. ಆಮೇಲೆ ಏನು ಮಾಡಬೇಕಿತ್ತು?" ಚೀಲ ಪಕ್ಕಕ್ಕಿಟ್ಟು ಮತ್ತೆ ಅಂದಳು: "ನಂಗೂ ಸಾಕಾಗಿದೆ ರೀ. ಆದ್ರೆ ಕೆಲಸ ಬಿಡಿ ಅಂತ ಡಾಕ್ಟರು ಹೇಳೋಕೆ ನನ್ನ ಎದೇಲಿ ಯಾವ ತೂತೂ ಸಿಕ್ಕಿಲ್ಲವಲ್ಲ."

ತಮಾಷೆಗೆ ಹೇಳಿದಳೋ ಏನೋ, ಅವನಿಗೆ ನಗು ಬರಲಿಲ್ಲ. ಪಕ್ಕಕ್ಕೆ ತಿರುಗಿ ನೋಡಿದ. ಅವಳು ಚಪ್ಪಲಿ ಬಿಚ್ಚಿ ಪಾದಗಳನ್ನು ಕಲ್ಲಿನ ತಂಪಿಗೆ ಇಟ್ಟುಕೊಂಡಿದ್ದಳು. ಹಿಮ್ಮಡಿ ಒಡೆದಿತ್ತು, ಕಣಕಾಲಿನ ಸುತ್ತ ನೀಲಿ ನಾಳಗಳು ಉಬ್ಬಿ ಹೆಣೆದುಕೊಂಡಿದ್ದವು. ಇಷ್ಟು ದಿನ ಎಲ್ಲರೂ ಅವನ ಕಾಲನ್ನೇ ನೋಡಿದ್ದರು, ಅವನೂ ಸೇರಿ.

ಮುಂದಿನ ಸಲ ಡಾಕ್ಟರಮ್ಮನ ಹತ್ತಿರ ಹೋದಾಗ ಅವನು ತನ್ನ ಮಾತು ಬೇಗ ಮುಗಿಸಿ, "ಇವಳ ಕಾಲು ಸ್ವಲ್ಪ ನೋಡಿ ಮೇಡಂ" ಅಂದ. ಹೆಂಡತಿ ಬೇಡ ಬೇಡ ಎಂದು ಸೀರೆ ಕೆಳಗೆಳೆದುಕೊಂಡಳು. ಡಾಕ್ಟರಮ್ಮ ಬಿಡಲಿಲ್ಲ. ಹೆಪ್ಪೇನೂ ಇರಲಿಲ್ಲ. ನಿಂತು ನಿಂತು ನಾಳಗಳು ಸೋತಿವೆ, ಬಿಗಿ ಕಾಲುಚೀಲ ಹಾಕಿಕೊಳ್ಳಬೇಕು, ನಡುನಡುವೆ ಕೂರಬೇಕು ಎಂದು ಬರೆದುಕೊಟ್ಟರು. ಆ ಚೀಟಿ ಹಿಡಿದು ಅವಳು ಲಾಂಡ್ರಿಯಲ್ಲಿ ಕೇಳಲು ಹಿಂದೆಮುಂದೆ ನೋಡಿದಳು. ಕೊನೆಗೆ ಮಗಳೇ ಜೊತೆಗೆ ಹೋಗಿ ಕೇಳಿದಳು. ಮಡಚುವ ವಿಭಾಗದಲ್ಲಿ ಎತ್ತರದ ಸ್ಟೂಲು ಸಿಕ್ಕಿತು. ಇಸ್ತ್ರಿಗಿಂತ ಸ್ವಲ್ಪ ಕೀಳು ಕೆಲಸ ಅದು ಲಾಂಡ್ರಿಯವರ ಕಣ್ಣಿಗೆ. ಅವಳು ತಲೆಕೆಡಿಸಿಕೊಳ್ಳಲಿಲ್ಲ.

ಮೇಲಣ್ಣ ಗೋದಾಮಿಗೆ ಸೇರಿದ. ಸರಪಳಿಯ ಒಂದೊಂದು ಕೊಂಡಿಯನ್ನೂ ಬೆಳಕಿಗೆ ಹಿಡಿದು ಬಿರುಕು ನೋಡುವುದು, ಎಳೆ ಬಿಟ್ಟ ತಂತಿಹಗ್ಗ ತೆಗೆದು ಬದಿಗಿಡುವುದು. ಬೇಸರದ ಕೆಲಸ. ಎಡಗೈಯಿಂದ ಕೊಕ್ಕೆ ಜಾರಿ ಬಿದ್ದು ಸದ್ದಾದರೆ ಮೊದಮೊದಲು ಎಲ್ಲರೂ ತಿರುಗಿ ನೋಡುತ್ತಿದ್ದರು, ಆಮೇಲೆ ನೋಡುವುದನ್ನು ಬಿಟ್ಟರು. ಸಿಳ್ಳೆ ಬಿಡುವಾದಾಗ ಬಂದು, ಹೊಸಬ ತನ್ನ ಮಾತು ಕೇಳುವುದಿಲ್ಲ, ಎಲ್ಲದಕ್ಕೂ ಅವಸರ ಎಂದು ದೂರುತ್ತಿದ್ದ. ಇವನು ಹೂಂ ಎನ್ನುತ್ತಾ ಸರಪಳಿ ನೋಡುತ್ತಿದ್ದ. ಅಷ್ಟು ವರ್ಷದಲ್ಲಿ ಇಬ್ಬರೂ ಒಂದೇ ಎತ್ತರದಲ್ಲಿ ನಿಂತು ಇಷ್ಟು ಮಾತಾಡಿದ್ದೇ ಇಲ್ಲ. ಸಿಳ್ಳೆಗೆ ಕಿವಿ ಸ್ವಲ್ಪ ಮಂದವಾಗಿದೆ ಎಂದು ಮೇಲಣ್ಣನಿಗೆ ತಿಳಿದದ್ದೂ ಆಗಲೇ.

ಆಯಾಸ ಪೂರ್ತಿ ಹೋಗಲಿಲ್ಲ. ಅದು ಹೋಗುವಂಥದ್ದಲ್ಲ ಎಂದು ಇಬ್ಬರಿಗೂ ಅರಿವಾಗಿತ್ತು. ಗೋದಾಮು ಬೇಗ ಮುಚ್ಚುತ್ತಿದ್ದುದರಿಂದ ಈಗ ಅವನೇ ಮೊದಲು ಮನೆಗೆ ಬರುತ್ತಿದ್ದ. ಒಂದೂವರೆ ಕೈಯಲ್ಲಿ ತರಕಾರಿ ಹೆಚ್ಚುತ್ತಿದ್ದ, ತುಂಡುಗಳು ಒಂದು ದಪ್ಪ ಒಂದು ಸಣ್ಣ. ಹೆಂಡತಿ ಬಂದು ಒಂದು ಕುರ್ಚಿಯ ಮೇಲೆ ಕೂತು ಇನ್ನೊಂದರ ಮೇಲೆ ಕಾಲು ಚಾಚುತ್ತಿದ್ದಳು. ಬಿಗಿ ಕಾಲುಚೀಲವನ್ನು ಎಳೆದು ತೆಗೆಯುವುದು ಅವಳೊಬ್ಬಳಿಂದ ಆಗುತ್ತಿರಲಿಲ್ಲ. ಅವನು ಒಲೆ ಸಣ್ಣ ಮಾಡಿ, ಕೈ ಒರೆಸಿಕೊಂಡು ಬಂದು ನೆಲದ ಮೇಲೆ ಕೂತು, ಬಲಗೈಯಲ್ಲಿ ಅಂಚು ಹಿಡಿದು, ಎಡಗೈಯನ್ನು ಹಿಮ್ಮಡಿಗೆ ಊರಿ, ನಿಧಾನವಾಗಿ ಎಳೆಯುತ್ತಿದ್ದ. ಸುಮಾರು ಹೊತ್ತು ಹಿಡಿಯುತ್ತಿತ್ತು. ಇಬ್ಬರಿಗೂ ಅವಸರ ಇರಲಿಲ್ಲ.